ಬಂದರು ತಂಡದ ವಕಾಲತ್ತು

ಗಾಜಿನ ಮೇಸ್ತ್ರಿ ಎಂದು ಬೀದಿಯವರೆಲ್ಲ ಕರೆಯುವ ಆ ಮನುಷ್ಯ ಊರಿನ ಅರ್ಧ ಕಿಟಕಿಗಳಿಗೆ ಗಾಜು ಕೂರಿಸಿದವರು. ಉಳಿದರ್ಧಕ್ಕೆ ಕೂರಿಸಿದವರ ಬಗ್ಗೆ ಅವರಿಗೆ ಒಳ್ಳೆಯ ಅಭಿಪ್ರಾಯವಿಲ್ಲ. ಅಂಗಡಿ ಚಿಕ್ಕದು. ಒಂದು ಗೋಡೆಗೆ ಒರಗಿಸಿದ ಗಾಜಿನ ಹಾಳೆಗಳು, ನಡುವೆ ಕಂಬಳಿ ಹೊದಿಸಿದ ಕೊಯ್ಯುವ ಮೇಜು, ಮೂಲೆಯಲ್ಲಿ ಚೂರು ತುಂಬಿದ ಡಬ್ಬ. ಕೆಲಸ ಅಣ್ಣ ತಮ್ಮ ಇಬ್ಬರದು. ಮೇಸ್ತ್ರಿಗಳು ತಮ್ಮ. ಸಾಯಂಕಾಲವಾಯಿತೆಂದರೆ ಅಣ್ಣ ನೇರವಾಗಿ ಮನೆಗೆ ಹೋಗುತ್ತಿದ್ದರು. ತಮ್ಮ ಅಂಗಡಿಯ ಬಾಗಿಲೆಳೆದು ಪಕ್ಕದ ದರ್ಜಿಯ ಅಂಗಡಿಗೆ ಹೋಗಿ, ಬಂದರು ತಂಡದ ವಕಾಲತ್ತು ವಹಿಸಿ ಕೂರುತ್ತಿದ್ದರು.

ಈ ವಕಾಲತ್ತಿನ ಹಿನ್ನೆಲೆಯನ್ನು ಸ್ವಲ್ಪ ವಿವರಿಸಬೇಕು. ಒಂದು ಕಾಲದಲ್ಲಿ ಊರಿಗೆ ಸ್ವಂತದ್ದೊಂದು ಬ್ಯಾಸ್ಕೆಟ್‌ಬಾಲ್ ತಂಡವಿತ್ತು. ವೃತ್ತಿಪರ ತಂಡ, ಆಟಗಾರರಿಗೆ ಸಂಬಳವಿತ್ತು, ಓಡಾಡಲು ಒಂದು ಬಸ್ಸಿತ್ತು. ಲೀಗಿನ ಉಳಿದ ತಂಡಗಳು ಸರದಿಯ ಪ್ರಕಾರ ಬಂದು, ಈ ತಂಡವನ್ನು ಸೋಲಿಸಿ ಹೋಗುತ್ತಿದ್ದವು. ತಂಡ ಮುಚ್ಚಿ ಒಂದು ತಲೆಮಾರು ಕಳೆದಿದೆ, ಅಭಿಮಾನಿಗಳು ಮಾತ್ರ ಉಳಿದಿದ್ದಾರೆ. ತಮ್ಮ ತಂಡ ಶ್ರೇಷ್ಠವೋ ಅಲ್ಲವೋ ಎಂಬ ಪ್ರಶ್ನೆಯನ್ನು ಅವರಲ್ಲಿ ಯಾರೂ ಎತ್ತುವುದಿಲ್ಲ, ಉತ್ತರ ಎಲ್ಲರಿಗೂ ಗೊತ್ತಿದೆ. ಅವರ ಚರ್ಚೆಯ ವಿಷಯ ಇಷ್ಟು: ನಮ್ಮನ್ನು ಸೋಲಿಸಿದವರಲ್ಲಿ ಸಾರ್ವಕಾಲಿಕ ಶ್ರೇಷ್ಠರು ಯಾರು?

ಮೇಸ್ತ್ರಿಗಳು ಹಡಗಿನ ಬಂದರಿನವರ ತಂಡದ ಪರ. ದರ್ಜಿ ಉಕ್ಕಿನ ಕಾರ್ಖಾನೆಯ ತಂಡದ ಪರ. ದರ್ಜಿ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಕೆಲಸ ಮಾಡುತ್ತಿದ್ದುದರಿಂದ, ಅವರು ಸೂಜಿಗಳನ್ನು ಒಂದೊಂದಾಗಿ ತೆಗೆದಿಡಲು ಶುರುಮಾಡಿದರೆ ದೊಡ್ಡದೊಂದು ವಾದ ಬರುತ್ತಿದೆ ಎಂದು ಎದುರಾಳಿಗೆ ಮೊದಲೇ ಗೊತ್ತಾಗುತ್ತಿತ್ತು. ಮೂರನೆಯವರು ನಿವೃತ್ತ ಬಸ್ ಕಂಡಕ್ಟರ್. ಅವರು ಯಾರ ಪರವೂ ಅಲ್ಲ. ಮಾತು ಒಂದೇ ಕಡೆ ನಿಂತಾಗ ಮುಂದೆ ಸರಿಯಿರಿ, ಬಾಗಿಲಲ್ಲಿ ನಿಲ್ಲಬೇಡಿ ಎಂದು ಹಳೆಯ ಅಭ್ಯಾಸದಂತೆ ಹೇಳುವುದು ಅವರ ಕೆಲಸ.

ಬಂದರು ತಂಡದವರ ಮೇಲೆ ಮೇಸ್ತ್ರಿಗಳಿಗೆ ಪ್ರೀತಿಯೇನೂ ಇರಲಿಲ್ಲ. ಅವರ ಕಾರಣ ಮನೆಯಲ್ಲಿತ್ತು. ಅಣ್ಣ, ಅಂದರೆ ಊರಿನವರ ಬಾಯಲ್ಲಿ ಉದ್ದಣ್ಣ, ಆ ಮುಚ್ಚಿಹೋದ ತಂಡದಲ್ಲಿ ಆಡಿದವರು. ತಂಡ ಫೈನಲ್ ಮುಟ್ಟಿದ್ದು ಒಂದೇ ಸಲ, ಎದುರಿಗಿದ್ದದ್ದು ಬಂದರು ತಂಡ. ಒಂದು ಅಂಕ ಹಿಂದಿದ್ದಾಗ, ಆಟ ಮುಗಿಯುವ ಹೊತ್ತಿನಲ್ಲಿ, ಉದ್ದಣ್ಣನಿಗೆ ಎರಡು ಫ್ರೀ ಥ್ರೋ ಸಿಕ್ಕವು. ಯಾರೂ ಅಡ್ಡ ಬರುವಂತಿಲ್ಲ. ಗೆರೆಯ ಹಿಂದೆ ನಿಂತು, ಉಸಿರು ಸರಿಮಾಡಿಕೊಂಡು, ಚೆಂಡನ್ನು ಬ್ಯಾಸ್ಕೆಟ್ಟಿಗೆ ಹಾಕಿದರಾಯಿತು. ಎರಡೂ ರಿಂಗಿಗೆ ತಗುಲಿ ಆಚೆ ಬಿದ್ದವು.

ಆಮೇಲೆ ಉದ್ದಣ್ಣ ಯಾರ ಮನೆಗೆ ಕಿಟಕಿ ಕೂರಿಸಲು ಹೋದರೂ, ಇದನ್ನಾದರೂ ಸರಿಯಾಗಿ ಒಳಗೆ ಕೂರಿಸಪ್ಪಾ ಎನ್ನುವವರೊಬ್ಬರು ಇದ್ದೇ ಇರುತ್ತಿದ್ದರು. ಉದ್ದಣ್ಣ ನಕ್ಕು ಕೆಲಸ ಮುಂದುವರಿಸುತ್ತಿದ್ದರು. ಆಗಿನ್ನೂ ಗಾಜು ಕೊಯ್ಯುವುದನ್ನು ಕಲಿಯುತ್ತಿದ್ದ ತಮ್ಮನಿಗೆ ಮೈಯೆಲ್ಲ ಉರಿಯುತ್ತಿತ್ತು. ಸೋಲಿಸಿದವರು ಭೂಮಿಯ ಮೇಲೆ ಯಾರಿಂದಲೂ ಸೋಲಿಸಲಾಗದವರು ಎಂದು ರುಜುವಾತಾದರೆ ಅಣ್ಣನ ಮೇಲಿನ ಹೊರೆ ಇಳಿಯುತ್ತದೆ ಎಂದು ಅವರು ಲೆಕ್ಕ ಹಾಕಿದರು. ಅಂದಿನಿಂದ ಶುರುವಾದ ವಾದ ಅವರ ಕೂದಲು ನರೆತ ಮೇಲೂ ನಡೆದೇ ಇತ್ತು.

ಈ ವಾದದಲ್ಲಿ ಒಂದು ತೂತಿತ್ತು. ಅದನ್ನು ದರ್ಜಿ ಬಹಳ ಹಿಂದೆಯೇ ಕಂಡುಹಿಡಿದಿದ್ದರು.

"ಫ್ರೀ ಥ್ರೋ ಹಾಕೋವಾಗ ಎದುರಿನವರು ಸುಮ್ನೆ ನಿಂತಿರ್ತಾರಲ್ಲ ಮೇಸ್ತ್ರಿ. ಅದ್ರಲ್ಲಿ ಅವರ ದೊಡ್ಡಸ್ತಿಕೆ ಏನು ಬಂತು?"

"ಹೇಗೆ ನಿಂತಿದ್ರು ಅನ್ನೋದನ್ನ ನೀನು ನೋಡಿಲ್ಲ," ಎಂದಿದ್ದರು ಮೇಸ್ತ್ರಿಗಳು. "ಸುಮ್ನೆ ನಿಲ್ಲೋದ್ರಲ್ಲೂ ಅವರನ್ನ ಮೀರಿಸಿದವರಿಲ್ಲ."

ಹೀಗಿರುವಾಗ ಹಳೆಯ ಕ್ರೀಡಾಂಗಣವನ್ನು ದುರಸ್ತಿ ಮಾಡಿಸಿದ ಸಮಿತಿಯವರು ಪ್ರವೇಶದ್ವಾರದ ಬಳಿ ಒಂದು ದೊಡ್ಡ ಷೋಕೇಸು ಕಟ್ಟಿಸಿದರು. ಅದರಲ್ಲಿ ಊರಿನ ತಂಡದ ಫೋಟೋ, ಪಕ್ಕದಲ್ಲಿ ಎದುರಾಳಿ ತಂಡವೊಂದರ ಫೋಟೋ, ಕೆಳಗೆ ಒಂದು ಸಾಲಿನ ಬರಹ. ಎದುರಾಳಿಗೆ ಜಾಗವಿದ್ದದ್ದು ಒಂದೇ. ಕಂಡಕ್ಟರು ಸಮಿತಿಯ ಕಾರ್ಯದರ್ಶಿ. ಆಯ್ಕೆಯನ್ನು ದರ್ಜಿಯ ಅಂಗಡಿಗೇ ಬಿಟ್ಟುಕೊಡುವುದು ನ್ಯಾಯವೆಂದು ಅವರಿಗೆ ತೋರಿತು.

ಮೇಸ್ತ್ರಿಗಳು ಟೊಂಕ ಕಟ್ಟಿ ನಿಂತರು. ಬಂದರು ತಂಡದ ರಕ್ಷಣೆ, ಓಟ, ಎತ್ತರ, ತರಬೇತುದಾರನ ಗದರಿಕೆ, ಯಾವುದನ್ನೂ ಬಿಡಲಿಲ್ಲ. ಷೋಕೇಸಿಗೆ ಗಾಜು ಹಾಕುವವರು ತಾವೇ ಎಂಬುದನ್ನು ಅವರು ಎಂದೂ ಬೆದರಿಕೆಯಾಗಿ ಹೇಳಲಿಲ್ಲ. ಆಗಾಗ ನೆನಪಿಸಿದರು, ಅಷ್ಟೆ. ಕೊನೆಗೆ ದರ್ಜಿಯೇ ಸುಸ್ತಾದರು. ಹಾಕ್ಕೋ ನಿನ್ನ ಬಂದರಿನವರನ್ನ, ಉಕ್ಕಿನವರು ನನ್ನ ಮನಸ್ಸಲ್ಲಿದ್ದಾರೆ, ಅವರಿಗೆ ಷೋಕೇಸು ಬೇಕಾಗಿಲ್ಲ ಎಂದು ಹೊಲಿಗೆ ಯಂತ್ರದ ಕಡೆ ತಿರುಗಿದರು. ಕೆಳಗಿನ ಸಾಲನ್ನು ಮೇಸ್ತ್ರಿಗಳೇ ಹೇಳಿ ಬರೆಸಿದರು: 'ಸಾರ್ವಕಾಲಿಕ ಶ್ರೇಷ್ಠ ತಂಡದೆದುರು ಒಂದೇ ಅಂಕದ ಸೋಲು.'

ಮರುದಿನ ಬೆಳಿಗ್ಗೆ ಅಂಗಡಿಯಲ್ಲಿ ಅವರು ಆ ಸಾಲನ್ನು ಅಣ್ಣನಿಗೆ ಓದಿ ಹೇಳಿದರು. ಉದ್ದಣ್ಣ ಷೋಕೇಸಿನ ಗಾಜಿನ ಅಂಚನ್ನು ಸಾಣೆಕಲ್ಲಿನಿಂದ ಉಜ್ಜುತ್ತಿದ್ದರು. "ಓಹೋ," ಎಂದರು. ಮತ್ತೆ ಉಜ್ಜಿದರು. ಮೇಸ್ತ್ರಿಗಳು ಅದನ್ನು ಸಂತೋಷವೆಂದೇ ತಿಳಿದರು. ಅಣ್ಣನ ಸಂತೋಷ ಯಾವಾಗಲೂ ಹೆಚ್ಚುಕಡಿಮೆ ಅಷ್ಟೇ ಗಾತ್ರದ್ದು.

ಕ್ರೀಡಾಂಗಣ ಗಾಡಿ ಕರೆಯಲಾಗದಷ್ಟು ಹತ್ತಿರ, ಗಾಜು ಹೊತ್ತು ನಡೆಯುವವರಿಗೆ ಮಾತ್ರ ದೂರ. ದೊಡ್ಡ ಗಾಜನ್ನು ಇಬ್ಬರು ಸಾಗಿಸುವಾಗ ಈ ಅಂಗಡಿಯಲ್ಲಿ ಅಪ್ಪನ ಕಾಲದಿಂದ ಒಂದು ಕಟ್ಟುಪಾಡಿತ್ತು. ಗಾಜನ್ನು ನೆಟ್ಟಗೆ ನಿಲ್ಲಿಸಿ, ಒಬ್ಬೊಬ್ಬರು ಒಂದೊಂದು ತುದಿಯಲ್ಲಿ, ಒಂದು ಕೈ ಅಡಿಗೆ, ಒಂದು ಕೈ ಅಂಚಿಗೆ. ಮಾತು ಮುಂದಿನವನದು: ಮೆಟ್ಟಿಲು, ತಿರುವು, ಸೈಕಲ್ಲು ಬರ್ತಿದೆ. ಹಿಂದಿನವನು ಹೂಂ ಎನ್ನಬೇಕು. ಬೇರೆ ಮಾತಾಡಿದರೆ ಗಮನ ತಪ್ಪುತ್ತದೆ, ಗಮನ ತಪ್ಪಿದರೆ ಗಾಜು ಹೋಗುತ್ತದೆ. ಬೀದಿಯಲ್ಲಿ ಅದನ್ನು ಕೆಳಗಿಡುವಂತೆಯೂ ಇಲ್ಲ. ಅಣ್ಣ ಹಿರಿಯನಾದ್ದರಿಂದ ಯಾವಾಗಲೂ ಮುಂದೆ.

"ಮೆಟ್ಟಿಲು," ಎಂದರು ಉದ್ದಣ್ಣ.

"ಹೂಂ."

ಔಷಧಿ ಅಂಗಡಿ ದಾಟಿದ ಮೇಲೆ ಉದ್ದಣ್ಣ ಹಿಂದೆ ತಿರುಗದೆ, ತಿರುವು ಹೇಳುವ ದನಿಯಲ್ಲೇ ಮಾತಾಡಿದರು.

"ಬಂದರಿನವರು ಅವತ್ತು ಚೆನ್ನಾಗಿ ಆಡಲಿಲ್ಲ ಕಣೋ. ಅವರ ಸೆಂಟರ್ ಆಡೋನಿಗೆ ಮಂಡಿ ಊದಿತ್ತು. ಸಾಧಾರಣ ತಂಡ ಅದು. ಗೆಲ್ಲೋ ಪಂದ್ಯ ಅದು."

ಮೇಸ್ತ್ರಿಗಳ ಬಾಯಿಗೆ ನೂರು ಉತ್ತರ ಬಂದವು. ಎರಡು ಕೈಯಲ್ಲೂ ಗಾಜಿತ್ತು. "ಹೂಂ," ಎಂದರು.

"ಗೆಲ್ಲೋ ಪಂದ್ಯನ ನಾನು ಸೋತೆ. ಆ ಬೇಜಾರು ನಂಗಿದೆ. ಇರ್ಲಿ, ಅದು ನಂದು. ಆದ್ರೆ ನೀನು ಇಷ್ಟು ವರ್ಷದಿಂದ ಊರಿಗೆಲ್ಲ ಏನು ಹೇಳ್ಕೊಂಡು ಬಂದೆ? ಇವನ ಕೈಲಿ ಆಗೋದೇ ಇರಲಿಲ್ಲ ಅಂತ. ಈಗ ಅದನ್ನೇ ಬರೆಸಿ ಗೋಡೆಗೆ ಹಾಕ್ತಿದೀಯ." ಅದೇ ದನಿಯಲ್ಲಿ, "ತಿರುವು," ಎಂದರು.

"ಹೂಂ."

ಗಾಜು ಒಡೆಯಲಿಲ್ಲ. ಅಣ್ಣ ತಮ್ಮ ಅದನ್ನು ಷೋಕೇಸಿನ ಚೌಕಟ್ಟಿಗೆ ಕೂರಿಸಿದರು, ಸುತ್ತ ರಬ್ಬರ್ ಪಟ್ಟಿ ಒತ್ತಿದರು. ಕೈ ಖಾಲಿಯಾದ ಮೇಲೆ ಮೇಸ್ತ್ರಿಗಳಿಗೆ ಮಾತಾಡಲು ಅಡ್ಡಿಯಿರಲಿಲ್ಲ. ಅವರು ಹಿಂದಿನ ಹಲಗೆಯ ತಿರುಪುಗಳನ್ನು ಮತ್ತೊಮ್ಮೆ ಬಿಗಿ ಮಾಡಿದರು. ಬರಹದ ಪಟ್ಟಿಯನ್ನು ಕಂಡಕ್ಟರು ಮರುದಿನ ತರುವುದಾಗಿ ಹೇಳಿದ್ದರು.

ಅಂದು ಸಾಯಂಕಾಲ ಅವರು ದರ್ಜಿಯ ಅಂಗಡಿಯ ಬೆಂಚಿನ ಮೇಲೆ ಕುಳಿತು, ಬರಹ ಬದಲಾಗಬೇಕು, ಬಂದರು ತಂಡ ಸಾಧಾರಣ ತಂಡ ಎಂದರು.

ದರ್ಜಿಗೆ ಸೂಜಿಗಳನ್ನು ತೆಗೆದಿಡಲು ಸ್ವಲ್ಪ ಹೊತ್ತು ಹಿಡಿಯಿತು. "ಮೈಯಲ್ಲಿ ಹುಷಾರಿದೆಯಾ ಮೇಸ್ತ್ರಿ?"

ಹುಷಾರಾಗಿಯೇ ಇದ್ದೇನೆಂದು ಮೇಸ್ತ್ರಿಗಳು ಹೇಳಿದರು. ಹಾಗಾದರೆ ತಾನು ಒಪ್ಪುವುದಿಲ್ಲವೆಂದು ದರ್ಜಿ ಪಟ್ಟು ಹಿಡಿದರು. ಇಷ್ಟು ವರ್ಷ ವಾದ ಮಾಡಿ, ಕೊನೆಗೆ ಮರ್ಯಾದೆಯಿಂದ ಸೋತು ಕೂತಿದ್ದೇನೆ. ಈಗ ಅದು ಸಾಧಾರಣ ತಂಡವಾಗಿಬಿಟ್ಟರೆ ನಾನು ಸೋತದ್ದು ಯಾರಿಗೆ ಎಂದು ಕೇಳಿದರು. ಆಮೇಲೆ ಬಂದರು ತಂಡದ ರಕ್ಷಣೆ, ಓಟ, ಎತ್ತರಗಳನ್ನು ಮೇಸ್ತ್ರಿಗಳಿಗೇ ವಿವರಿಸತೊಡಗಿದರು. ಮೇಸ್ತ್ರಿಗಳು ತಮ್ಮದೇ ಮಾತುಗಳನ್ನು ಕೇಳುತ್ತ ಕುಳಿತರು. ಅವು ಚೆನ್ನಾಗಿಯೇ ಇದ್ದವು. ತರಬೇತುದಾರನ ಗದರಿಕೆಯ ಭಾಗವನ್ನು ದರ್ಜಿ ಅವರಿಗಿಂತ ಚೆನ್ನಾಗಿ ಹೇಳಿದರು.

"ಮುಂದೆ ಸರೀರಪ್ಪ," ಎಂದರು ಕಂಡಕ್ಟರು. "ಪಟ್ಟಿ ನಾಳೆ ಹೋಗ್ಬೇಕು. ಕಾರಣ ಏನು ಹೇಳು."

ಕಾರಣ ಹೇಳಬೇಕಾದರೆ ಮೇಸ್ತ್ರಿಗಳು ತಮ್ಮ ಬಾಯಿಂದ ಎಂದೂ ಆಡದ ಮಾತನ್ನು ಆಡಬೇಕಿತ್ತು. ಆ ಎರಡು ಎಸೆತಗಳ ಸುದ್ದಿಯನ್ನು ಬೇರೆಯವರು ಎತ್ತಿದಾಗಲೆಲ್ಲ ಅವರು ಮಾತು ತಿರುಗಿಸಿದ್ದರು, ಇಲ್ಲವೇ ಜಗಳಕ್ಕೆ ನಿಂತಿದ್ದರು. ಈಗ ಬೆಂಚಿನ ಅಂಚು ಹಿಡಿದುಕೊಂಡು ನಿಧಾನವಾಗಿ ಹೇಳಿದರು.

"ಆ ಫ್ರೀ ಥ್ರೋ ಎರಡೂ ಅಣ್ಣ ಹಾಕ್ಬಹುದಿತ್ತು. ಹಾಕೋ ತಾಕತ್ತು ಅವನಿಗಿತ್ತು. ಹಾಕ್ಲಿಲ್ಲ."

ದರ್ಜಿಯ ಕಾಲು ಯಂತ್ರದ ಮೆಟ್ಟುಹಲಗೆಯ ಮೇಲೆ ನಿಂತಿತು. ಈ ಮಾತನ್ನು ಹೇಳಿಸಬೇಕೆಂದು ಅವರು ವರ್ಷಗಟ್ಟಲೆ ಪ್ರಯತ್ನಪಟ್ಟಿದ್ದರು. ಈಗ ಕೇಳಿ ಅವರಿಗೆ ಏನೂ ಖುಷಿಯಾದಂತೆ ಕಾಣಲಿಲ್ಲ. ಕತ್ತರಿ ಎತ್ತಿ ಸುಮ್ಮನೆ ಬೇರೆ ಕಡೆ ಇಟ್ಟರು.

"ಏನಂತ ಬರೀಲಿ ಹಾಗಾದ್ರೆ?" ಎಂದರು ಕಂಡಕ್ಟರು.

"'ಗೆಲ್ಲಬಹುದಾಗಿದ್ದ ಪಂದ್ಯ' ಅಂತ ಬರಿ. ಇನ್ನೇನೂ ಬೇಡ."

ಹಾಗೆಯೇ ಬರೆಯಲಾಯಿತು. ಅದು ಊರಿನ ತಂಡದ ಫೋಟೋದ ಕೆಳಗೆ ಹೋಯಿತು. ಬಂದರು ತಂಡ ಸಾಧಾರಣವೆಂದಾದ ಮೇಲೆ ಎದುರಾಳಿಯ ಜಾಗ ಖಾಲಿ ಉಳಿದದ್ದರಿಂದ ಅಲ್ಲಿಗೆ ಉಕ್ಕಿನ ತಂಡದ ಫೋಟೋ ಹಾಕಿದರು. ಮುನ್ಸೂಚನೆಯಿಲ್ಲದೆ ಗೆದ್ದುಬಿಟ್ಟ ದರ್ಜಿ ಅದಾದ ಮೇಲೆ ಒಂದೆರಡು ದಿನ ಅಳತೆ ತಪ್ಪಿ ಹೊಲಿದರು.

ಷೋಕೇಸು ನೋಡಿಬಂದ ಮೇಲೆ ಉದ್ದಣ್ಣ ಸಾಯಂಕಾಲ ದರ್ಜಿಯ ಅಂಗಡಿಗೆ ಬರಲು ಶುರುಮಾಡಿದರು. ಮೊದಲ ದಿನ ಎಲ್ಲರೂ ಸರಿದು ಜಾಗ ಮಾಡಿಕೊಟ್ಟರು. ಉದ್ದಣ್ಣ ಬೆಂಚಿನ ತುದಿಯಲ್ಲಿ ಕಾಲು ಚಾಚಿ, ಎರಡನೆಯ ಎಸೆತ ಕೈಬಿಟ್ಟ ತಕ್ಷಣವೇ ಅದು ಒಳಗೆ ಹೋಗುವುದಿಲ್ಲವೆಂದು ಬೆರಳಿಗೆ ಗೊತ್ತಾಗಿತ್ತು ಎಂದರು. ಕಂಡಕ್ಟರು ಹೇಗೆ ಗೊತ್ತಾಯಿತೆಂದು ಕೇಳಿದರು. ಉದ್ದಣ್ಣ ಎದ್ದು ನಿಂತು ತೋರಿಸಿದರು. ಅಂಗಡಿಯ ಚಾವಣಿ ತಗ್ಗಿನದಾದ್ದರಿಂದ ಕೈ ಬಡಿಯಿತು, ಆದರೂ ವಿಷಯ ಎಲ್ಲರಿಗೂ ಅರ್ಥವಾಯಿತು. ಇದಾದ ಮೇಲೆ ಅವರ ಬಾಯಿ ಮುಚ್ಚಿಸುವುದೇ ಕಷ್ಟವಾಯಿತು. ಲೀಗಿನ ಪ್ರತಿಯೊಂದು ತಂಡದ ಬಗ್ಗೆಯೂ ಅವರಿಗೊಂದು ಗಟ್ಟಿ ಅಭಿಪ್ರಾಯವಿತ್ತು. ಒಟ್ಟಿನಲ್ಲಿ ಉಕ್ಕಿನವರೇ ಶ್ರೇಷ್ಠರೆಂದು ಅವರ ತೀರ್ಪು. ದರ್ಜಿ ಅದಕ್ಕೆ ತಲೆದೂಗಿದರು. ಮೇಸ್ತ್ರಿಗಳೂ ತಲೆದೂಗಿದರು.

ಆದರೆ ಬಂದರು ತಂಡವೇ ಸಾರ್ವಕಾಲಿಕ ಶ್ರೇಷ್ಠವೆಂಬುದರಲ್ಲಿ ಮೇಸ್ತ್ರಿಗಳಿಗೆ ಈಗಲೂ ಸಂದೇಹವಿಲ್ಲ. ಅಣ್ಣನಿಗಾಗಿ ಶುರುಮಾಡಿದ ವಾದವನ್ನು ಅವರು ದಾರಿಯಲ್ಲೆಲ್ಲೋ ನಂಬಿಬಿಟ್ಟಿದ್ದರು. ಅದನ್ನು ಹೇಳಿಕೊಳ್ಳಲು ಈಗ ಉಳಿದಿರುವವರು ಹೆಂಡತಿ ಒಬ್ಬರೇ. ಆಕೆ ಜೀವನದಲ್ಲಿ ಒಂದು ಪಂದ್ಯವನ್ನೂ ನೋಡಿದವರಲ್ಲ. ಊಟದ ಹೊತ್ತಿಗೆ ಬಂದರು ತಂಡದ ರಕ್ಷಣೆ, ಓಟ, ಎತ್ತರಗಳನ್ನು ಹಲವು ದಿನ ತಾಳ್ಮೆಯಿಂದ ಕೇಳಿ, ಒಂದು ದಿನ ಒಂದೇ ಒಂದು ಪ್ರಶ್ನೆ ಕೇಳಿದರು.

"ಅಲ್ಲಾರೀ, ಅಷ್ಟು ದೊಡ್ಡವರು ಒಂದೇ ಅಂಕದಲ್ಲಿ ಯಾಕೆ ಗೆದ್ರು?"

ಮೇಸ್ತ್ರಿಗಳು ಕುಡಿಯಲು ನೀರು ಕೇಳಿದರು.