ನಾಯಿಗೆ ತೊಂಬತ್ತಾರು ಡಿಗ್ರಿ

ನಮ್ಮ ನಾಯಿ ಊಟ ಬಿಟ್ಟದ್ದು ಶುಕ್ರವಾರ. ಡೈರಿಯಲ್ಲಿ ಹಾಗೇ ಇದೆ: “ಶುಕ್ರ. ಬಂಗಡೆಯ ತಲೆ ಮುಟ್ಟಲಿಲ್ಲ.” ಬಂಗಡೆಯ ತಲೆಯನ್ನು ಬಟ್ಟಲಲ್ಲೇ ಬಿಟ್ಟು ಹೋಗುವ ನಾಯಿಯನ್ನು ನಾನಂತೂ ಅಂಕೋಲೆಯಲ್ಲಿ ಕಂಡಿಲ್ಲ. ಶನಿವಾರ ಅನ್ನವನ್ನೂ ಮೂಸಲಿಲ್ಲ. ಸಂಜೆ ಕೆಲಸ ಮುಗಿಸಿ ಕಾರವಾರದಿಂದ ಬಂದು ನಾನು ಗೇಟು ತೆರೆದರೆ ಎದ್ದು ಬರಲಿಲ್ಲ. ಮಲಗಿದಲ್ಲಿಂದಲೇ ಬಾಲವನ್ನು ಒಮ್ಮೆ ನೆಲಕ್ಕೆ ಬಡಿದು ಹಾಜರಿ ಹಾಕಿತು.

ನಾನು ಇಂಥದ್ದನ್ನೆಲ್ಲ ಬರೆದಿಡುವವಳು. ಮನೆಯಲ್ಲಿ ಇದಕ್ಕೆ ದೊಡ್ಡ ಗೌರವವೇನಿಲ್ಲ. ಗ್ಯಾಸ್ ಸಿಲಿಂಡರ್ ಹಚ್ಚಿ ಎಷ್ಟು ದಿನವಾಯಿತು ಎಂದು ಕೇಳಬೇಕಾದಾಗ ಮಾತ್ರ ಆಯಿಗೆ, ಅಂದರೆ ನನ್ನ ಅಮ್ಮನಿಗೆ, ನನ್ನ ಡೈರಿ ನೆನಪಾಗುತ್ತದೆ.

ಭಾನುವಾರ ಬೆಳಿಗ್ಗೆ ನಾಯಿ ನೀರನ್ನೂ ಬಿಟ್ಟಿತು. ಊರಿನ ಪಶು ಆಸ್ಪತ್ರೆಗೆ ರಜೆ. ಕಾರವಾರದಲ್ಲಿ ಮನೆಯಲ್ಲೇ ನಾಯಿ ಬೆಕ್ಕು ನೋಡುವ ಡಾಕ್ಟರೊಬ್ಬರಿದ್ದಾರೆ. ಅವರಿಗೆ ಫೋನು ಮಾಡಿದೆ.

“ಜ್ವರ ಎಷ್ಟಿದೆ?” ಎಂದರು.

“ಮುಟ್ಟಿದ್ರೆ ಬಿಸಿ ಇದೆ.”

“ನಾಯಿ ಯಾವಾಗ ಮುಟ್ಟಿದ್ರೂ ಬಿಸಿನೇ. ನೂರಾ ಒಂದು, ನೂರಾ ಎರಡು ಅಂದ್ರೆ ಅದಕ್ಕೆ ನಾರ್ಮಲ್. ಅಳೆದು ಹೇಳಿ. ನೂರಾ ನಾಲ್ಕು ದಾಟಿದ್ರೆ ಇವತ್ತೇ ತನ್ನಿ. ತೊಂಬತ್ತೊಂಬತ್ತಕ್ಕಿಂತ ಕೆಳಗೆ ಇಳಿದ್ರೂ ಇವತ್ತೇ ತನ್ನಿ, ಅದೂ ಒಳ್ಳೇದಲ್ಲ.”

“ಬಾಯಲ್ಲಿ ಇಡೂದಾ?”

“ಬಾಯಲ್ಲಿಟ್ರೆ ಥರ್ಮಾಮೀಟರ್ ಹೊಟ್ಟೆಗೆ ಹೋಗ್ತದೆ. ಹಿಂದಿನಿಂದ. ತುದಿಗೆ ಚೂರು ತೆಂಗಿನೆಣ್ಣೆ ಹಚ್ಚಿ. ಮತ್ತೆ, ಮನುಷ್ಯರ ಜ್ವರದ ಗುಳಿಗೆ ಕೊಡ್ಬೇಡಿ. ಅದು ನಾಯಿಗೆ ವಿಷ.”

ಫೋನಿನ ಸ್ಪೀಕರ್ ಹಾಕಿದ್ದೆ. ಆಯಿ ಬಾಳೆಹಣ್ಣಿನ ತುಂಡಿನೊಳಗೆ ಅರ್ಧ ಗುಳಿಗೆ ಸೇರಿಸಿ ಹಿಡಿದುಕೊಂಡು ನಿಂತಿದ್ದವಳು, ಏನೂ ಅರಿಯದವಳಂತೆ ಒಳಗೆ ಹೋಗಿ ಅದನ್ನು ಕಸದ ಬುಟ್ಟಿಗೆ ಹಾಕಿ ಬಂದಳು.

ಬಂದವಳೇ ಕೇಳಿದಳು: “ಹಿಂದಿನಿಂದ ಅಂದ್ರೆ ಎಂತದೇ?”

ಹೇಳಿದೆ.

“ಮಳ್ಳು ಹಿಡಿದದ್ಯಾ ಆ ಡಾಕ್ಟರಿಗೆ?” ಎಂದಳು.

ನಮ್ಮದು ಊಟಕ್ಕೆ ಕೂತು ಇಡೀ ಬಳಗದ ಮೂಲವ್ಯಾಧಿಯನ್ನು ಸವಿಸ್ತಾರವಾಗಿ ಚರ್ಚಿಸುವ ಮನೆ. ಯಾರಿಗೆ ಆಪರೇಶನ್ ಆಯಿತು, ಯಾರು ಮೂಲಂಗಿಯಲ್ಲೇ ಗುಣ ಮಾಡಿಕೊಂಡರು ಎಂಬುದೆಲ್ಲ ಸಾರಿನ ಜೊತೆಗೇ ಬಡಿಸಲ್ಪಡುತ್ತದೆ. ಆದರೆ ನಾಯಿಯ ವಿಷಯದಲ್ಲಿ ಎಲ್ಲರಿಗೂ ಒಮ್ಮೆಲೇ ಮರ್ಯಾದೆ ನೆನಪಾಯಿತು.

ಮನೆಯ ಥರ್ಮಾಮೀಟರನ್ನು ಆಯಿ ಕೊಡಲಿಲ್ಲ. ಅದು ಸರಿಯೇ. ಸ್ಕೂಟರ್ ಹತ್ತಿ ಪೇಟೆಗೆ ಹೋದೆ. ಔಷಧಿ ಅಂಗಡಿಯವನು ಒಳ್ಳೆಯದೊಂದನ್ನು ತೆಗೆದು ಕೌಂಟರಿನ ಮೇಲಿಟ್ಟು, “ದೊಡ್ಡೋರಿಗಾ, ಮಕ್ಕಳಿಗಾ?” ಎಂದ.

“ನಾಯಿಗೆ.”

ಅದನ್ನು ಹಿಂದಕ್ಕೆ ತೆಗೆದುಕೊಂಡು, ಕೆಳಗಿನ ಖಾನೆಯಿಂದ ಡಬ್ಬಿಯ ಮೂಲೆ ಹರಿದಿದ್ದ ಇನ್ನೊಂದನ್ನು ಕೊಟ್ಟ. “ಇದು ಸಾಕು ಅದಕ್ಕೆ,” ಎಂದ.

ತಂದಾಯಿತು. ಇನ್ನು ಅಳೆಯಲು ಜಾಗ ಬೇಕು. ಜಗಲಿಯಲ್ಲಿ ಬೇಡ, ರಸ್ತೆಯಲ್ಲಿ ಹೋಗುವವರಿಗೆ ಕಾಣುತ್ತದೆ. ಅಂಗಳದಲ್ಲಿ ತುಳಸಿಕಟ್ಟೆ ಇದೆ. ಒಳಗೆ ನಾಯಿಗೆ ಪ್ರವೇಶವಿಲ್ಲ. ಬಾವಿಕಟ್ಟೆಯ ಹತ್ತಿರ ಎಂದೆ.

“ಆ ನೀರನ್ನೇ ದೇವರಿಗೆ ತಕಂಡು ಹೋಗೂದು.”

“ಬಚ್ಚಲಲ್ಲಿ?”

“ನಾವು ಮೀಯೂದು ಎಲ್ಲಿ ಮತ್ತೆ?”

“ಹಾಗಾದ್ರೆ ನಾಯಿಯ ಜ್ವರ ನೋಡೂಕೆ ಈ ಮನೆಯಲ್ಲಿ ಜಾಗವೇ ಇಲ್ವಾ ಆಯಿ?”

“ನೋಡಬೇಡ ಅಂತ ಯಾರು ಹೇಳಿದ್ರು? ಆಚೆಮನೆಯವರಿಗೆ ಕಾಣದಿದ್ದರೆ ಆಯ್ತು. ನಾಳೆ ಯಾರಾದ್ರೂ ನಿನ್ನ ಬಗ್ಗೆ ಕೇಳೂಕೆ ಬಂದ್ರೆ, ಆ ಹುಡುಗಿಯಾ, ನಾಯಿಯ ಬಾಲ ಎತ್ತಿಕೊಂಡು ಕೂತಿರ್ತದೆ ಅಂತ ಹೇಳ್ತಾರೆ ಇವರು.”

ಹೀಗೆ ನನ್ನ ಮದುವೆಯೂ ನಾಯಿಯ ಬಾಲಕ್ಕೆ ಬಂದು ಗಂಟುಬಿತ್ತು. ಅಪ್ಪ ಇದ್ದಿದ್ದರೆ ಏನಾದರೂ ತೀರ್ಪು ಕೊಡುತ್ತಿದ್ದರೋ ಏನೋ. ಅವರು ಬೆಳಿಗ್ಗೆಯೇ ಮೀನು ತರಲು ಕೇಣಿಗೆ ಹೋಗಿದ್ದರು. ಕೇಣಿ ಇರುವುದು ಊರ ಪಕ್ಕದಲ್ಲೇ. ಆದರೆ ಭಾನುವಾರ ಅವರು ಅಲ್ಲಿಂದ ತಿರುಗಿ ಬರುವ ಹೊತ್ತಿಗೆ ಮೀನಿನ ಮೈಮೇಲಿನ ಹೊಳಪು ಹೋಗಿರುತ್ತದೆ.

ಅಷ್ಟರಲ್ಲಿ ದೊಡ್ಡಪ್ಪ ಬಂದರು. ನಮ್ಮದೂ ಅವರದೂ ಒಂದೇ ಅಂಗಳದ ಎರಡು ಮನೆ. ಸರಕಾರಿ ನೌಕರಿಯಲ್ಲಿದ್ದು ನಿವೃತ್ತರಾದವರು. ಕೊರೊನಾ ಕಾಲದಲ್ಲಿ ಅವರನ್ನು ರಸ್ತೆಯ ತಪಾಸಣೆಗೆ ಹಾಕಿದ್ದರು. ಹಣೆಯ ಮುಂದೆ ಹಿಡಿದು ಗುಂಡಿ ಒತ್ತಿದರೆ ಉಷ್ಣ ತೋರಿಸುವ ಗನ್ನು ಅವರ ಕೈಗೆ ಬಂದದ್ದು ಆಗ. ಆ ಕೆಲಸ ಅವರಿಗೆ ಎಷ್ಟು ಹಿಡಿಸಿತೆಂದರೆ, ಎಲ್ಲ ಮುಗಿದ ಮೇಲೆ ತಮ್ಮ ದುಡ್ಡಿನಲ್ಲೇ ಅಂಥದ್ದೊಂದನ್ನು ಕೊಂಡು ಇಟ್ಟುಕೊಂಡರು. ಎಷ್ಟೋ ಸಾವಿರ ಹಣೆ ನೋಡಿದ್ದೇನೆ, ನನ್ನ ಕೈತಪ್ಪಿ ಒಂದು ಜ್ವರವೂ ದಾಟಲಿಲ್ಲ ಎನ್ನುತ್ತಾರೆ. ಅವರ ಕೈಗೆ ಸಿಕ್ಕ ಜ್ವರಗಳ ಲೆಕ್ಕವನ್ನು ನಾನೊಮ್ಮೆ ಕೇಳಿದ್ದೆ. ಅದೂ ಒಂದೂ ಇರಲಿಲ್ಲ. ದೊಡ್ಡಪ್ಪನಿಗೆ ಇದರಲ್ಲಿ ವಿಚಿತ್ರವೇನೂ ಕಾಣುವುದಿಲ್ಲ.

ಅವರು ಗನ್ನು ಹಿಡಿದೇ ಬಂದಿದ್ದರು. ನಾಯಿಯ ಹಣೆಗೆ ಹಿಡಿದು ಒತ್ತಿದರು.

“ತೊಂಬತ್ತಾರು ಪಾಯಿಂಟ್ ಒಂದು. ನಾರ್ಮಲ್. ಎಂತ ಇಲ್ಲ ತಂಗೀ. ಸೋಮಾರಿತನ.”

“ದೊಡ್ಡಪ್ಪಾ, ಅದರ ಹಣೆ ತುಂಬ ಕೂದಲು.”

“ಕೂದಲಿದ್ದ ಮನುಷ್ಯರದ್ದು ನಾನು ನೋಡಲಿಲ್ವಾ?”

ಅವರು ಗನ್ನನ್ನು ಕೆಳಗಿಟ್ಟು ಆಯಿಯ ಹತ್ತಿರ ಚಹಾ ಕೇಳಲು ತಿರುಗಿದಾಗ ನಾನು ಅದನ್ನು ಎತ್ತಿಕೊಂಡು ಗೇಟಿನ ಕಂಬಕ್ಕೆ ಹಿಡಿದೆ. ತೊಂಬತ್ತಾರು ಪಾಯಿಂಟ್ ಎರಡು. ಗೋಡೆಯ ಬುಡದಲ್ಲಿಟ್ಟಿದ್ದ ತೆಂಗಿನಕಾಯಿಗೆ ಹಿಡಿದೆ. ತೊಂಬತ್ತಾರು. ನಮ್ಮ ಅಂಗಳದಲ್ಲಿ ಆ ಹೊತ್ತಿಗೆ ಎಲ್ಲರ ಆರೋಗ್ಯವೂ ಚೆನ್ನಾಗಿತ್ತು.

ಕೊನೆಗೆ ಮನೆಯ ಹಿಂದೆ, ಅಪ್ಪ ಕಟ್ಟಿಗೆ ಒಟ್ಟುವ ಮಾಡಿನ ಕೆಳಗೆ ಜಾಗ ಮಂಜೂರಾಯಿತು. ಅಲ್ಲಿ ದೇವರೂ ಇಲ್ಲ, ನೆರೆಯವರೂ ಇಲ್ಲ. ಆಯಿ ನಾಯಿಯ ತಲೆ ಹಿಡಿಯಲು ಒಪ್ಪಿದಳು, ಮುಖವನ್ನು ಆಚೆ ತಿರುಗಿಸಿಕೊಂಡು. ನಾನು ಬಾಲ ಎತ್ತಿದೆ. ನಾಯಿ ಮೊದಲು ನನ್ನನ್ನು ತಿರುಗಿ ನೋಡಿತು. ತನ್ನನ್ನು ಮರಿಯಾಗಿದ್ದಾಗಿನಿಂದ ಸಾಕಿದವಳ ಮೇಲೆ ಇಂಥ ಅನುಮಾನ ಬರಬಾರದಿತ್ತು ಎಂಬಂಥ ನೋಟ. ಆಮೇಲೆ ಕೂತುಬಿಟ್ಟಿತು. ನಾಯಿ ಕೂತರೆ ಈ ವಿಜ್ಞಾನ ಅಲ್ಲಿಗೇ ಮುಗಿಯಿತು. ಎಬ್ಬಿಸಿದೆ. ಮತ್ತೆ ಕೂತಿತು.

“ಸಮಾ ಹಿಡ್ಕೋ ಆಯಿ.”

“ಸಮಾನೇ ಹಿಡಿದಿದ್ದೆ. ಹಿಂದಿನ ಬದಿ ನಿಂದು.”

ಹೊಟ್ಟೆಯ ಕೆಳಗೆ ಒಂದು ಕೈ ಕೊಟ್ಟು ಎತ್ತಿ ಹಿಡಿದಾಗ ಗೊತ್ತಾಯಿತು, ಎರಡು ದಿನದಲ್ಲಿ ಅದು ಎಷ್ಟು ಹಗುರಾಗಿತ್ತೆಂದು. ಕೊಸರಾಡಲಿಲ್ಲ. ಕೊಸರಾಡುವ ಶಕ್ತಿಯೇ ಅದರಲ್ಲಿರಲಿಲ್ಲ. ಅಲ್ಲಿಯವರೆಗೆ ನಗುತ್ತಿದ್ದ ನನಗೆ ಆಗಲೇ ಹೆದರಿಕೆ ಹತ್ತಿದ್ದು. ಥರ್ಮಾಮೀಟರ್ ಬೀಪ್ ಅಂದಿತು.

ನೂರಾ ನಾಲ್ಕು ಪಾಯಿಂಟ್ ಆರು.

ತೊಳೆದು ಇನ್ನೊಮ್ಮೆ ನೋಡಿದೆ. ಅದೇ.

ಕಾರವಾರ ಇಲ್ಲಿಂದ ಮೂವತ್ತು ಚಿಲ್ಲರೆ ಕಿಲೋಮೀಟರು. ನಿಲ್ಲಲಾರದ ನಾಯಿಯನ್ನು ಸ್ಕೂಟರಿನ ಮೇಲೆ ಹೆದ್ದಾರಿಯಲ್ಲಿ ಒಯ್ಯುವ ಹಾಗಿರಲಿಲ್ಲ. ಗುರುತಿನ ರಿಕ್ಷಾದವನು, “ಸೀಟಿನ ಕವರು ಹೊಸದು ಅಕ್ಕಾ,” ಎಂದು ಫೋನಿಟ್ಟ. ಉಳಿದದ್ದು ದೊಡ್ಡಪ್ಪನ ಕಾರು.

“ನೂರಾ ನಾಲ್ಕಾ? ಎಲ್ಲಿಟ್ಟು ನೋಡಿದ್ದು?” ಎಂದರು.

ಹೇಳಿದೆ.

“ಅಲ್ಲಿ ಬಿಸಿ ಇರದೆ ಮತ್ತೆ ಎಲ್ಲಿರ್ತದೆ? ನಾವು ಬಸ್ಸಿನಲ್ಲಿ ಹೋಗೋರನ್ನೆಲ್ಲ ಹಾಗೆ ನೋಡಿದ್ರೆ ಇಡೀ ಜಿಲ್ಲೆಯೇ ಆಸ್ಪತ್ರೆಯಲ್ಲಿರ್ತಿತ್ತು. ನನ್ನ ಮಷಿನ್ನಿನಲ್ಲಿ ತೊಂಬತ್ತಾರು ಬಂದದ್ದು. ನಾರ್ಮಲ್ ಇದ್ದ ನಾಯಿಯನ್ನ ಕಾರಿನಲ್ಲಿ ಕೂರಿಸ್ಕೊಂಡು ಕಾರವಾರ ತೋರಿಸ್ಕೊಂಡು ಬರೂದಾ?”

ಆಯಿ ನನ್ನ ಮುಖ ನೋಡಿದಳು. ವಾದ ಮಾಡುವುದಾದರೆ ಮಾಡಬಹುದಿತ್ತು. ಕಂಬದ ಲೆಕ್ಕ, ತೆಂಗಿನಕಾಯಿಯ ಲೆಕ್ಕ ಎರಡೂ ನನ್ನ ಹತ್ತಿರ ಇತ್ತು. ಆದರೆ ದೊಡ್ಡಪ್ಪನ ಎದುರು ಅವರ ಗನ್ನನ್ನು ಸುಳ್ಳು ಮಾಡಿದರೆ ಅವರು ಸಂಜೆಯ ತನಕ ಅದನ್ನು ನಿಜ ಮಾಡುತ್ತ ಕೂರುತ್ತಾರೆ, ನಾಯಿ ಕಟ್ಟಿಗೆಯ ಮಾಡಿನಲ್ಲಿ ಸಾಯುತ್ತದೆ. ನನಗೆ ಬೇಕಾದದ್ದು ಕಾರಿನ ಕೀಲಿ.

“ದೊಡ್ಡಪ್ಪಾ, ನಿಮ್ಮದೇ ಸರಿ ಇರಬಹುದು,” ಎಂದೆ.

“ಇರಬಹುದು ಎಂತದು?”

“ಸರಿಯೇ. ಅದಕ್ಕೇ ಹೆದರಿಕೆ. ನಾಯಿಗೆ ನಾರ್ಮಲ್ ಅಂದ್ರೆ ನೂರಾ ಒಂದು. ತೊಂಬತ್ತೊಂಬತ್ತಕ್ಕಿಂತ ಇಳಿದ್ರೆ ತಕ್ಷಣ ತನ್ನಿ ಅಂದಿದ್ದಾರೆ ಡಾಕ್ಟ್ರು. ನಿಮ್ಮ ಮಷಿನ್ನಿನಲ್ಲಿ ತೊಂಬತ್ತಾರು. ಅಂದ್ರೆ ನಾಯಿ ತಣ್ಣಗಾಗ್ತಾ ಇದೆ.”

ದೊಡ್ಡಪ್ಪ ಗನ್ನಿನ ಕಡೆ ನೋಡಿದರು. ನಾಯಿಯ ಕಡೆ ನೋಡಿದರು. ಮುಖದ ಬಣ್ಣ ಬದಲಾಯಿತು.

“ಡಾಕ್ಟ್ರು ಹೇಳಿದ್ರಾ?”

“ಆಯಿಯೂ ಕೇಳಿದ್ದಾಳೆ.”

“ಹೌದು ಭಾವಾ,” ಎಂದಳು ಆಯಿ. “ತೊಂಬತ್ತೊಂಬತ್ತು ಅಂತಲೇ ಹೇಳಿದ್ದು.”

“ಹಾಗಂತ ಮೊದಲೇ ಹೇಳೂಕೆ ಎಂತ ಆಗಿತ್ತು ನಿಮಗೆ? ತೊಂಬತ್ತಾರು ಅಂತ ನಾನು ಆಗಿಂದ ಬಡ್ಕೊಳ್ತಾ ಇದ್ದೆ!” ಎಂದು ಕೂಗುತ್ತ ಚಪ್ಪಲಿಯನ್ನೂ ಮೆಟ್ಟದೆ ಕಾರು ತೆಗೆಯಲು ಓಡಿದರು.

ಆಯಿ ಅಪ್ಪನ ಹಳೇ ಲುಂಗಿಯಲ್ಲಿ ನಾಯಿಯನ್ನು ಸುತ್ತಿ, ಯಾರೂ ಹೇಳದೆಯೇ ಹಿಂದಿನ ಸೀಟಿನಲ್ಲಿ ಕೂತು ತೊಡೆಯ ಮೇಲೆ ಹಾಕಿಕೊಂಡಳು. ಮನೆಯೊಳಗೆ ಕಾಲಿಡಲು ಬಿಡದಿದ್ದ ನಾಯಿ ಅದು. ದಾರಿಯುದ್ದಕ್ಕೂ ದೊಡ್ಡಪ್ಪ, “ಬೆಚ್ಚಗೆ ಹೊದಿಸು, ಬೆಚ್ಚಗೆ ಹೊದಿಸು,” ಎನ್ನುತ್ತಿದ್ದರು. ಜ್ವರದಲ್ಲಿ ಕುದಿಯುತ್ತಿದ್ದ ನಾಯಿಯ ಮೇಲಿಂದ ನಾನು ಲುಂಗಿಯನ್ನು ಸರಿಸುವುದು, ಕನ್ನಡಿಯಲ್ಲಿ ಅದನ್ನು ನೋಡಿ ಅವರು ಗದರುವುದು, ಹೀಗೇ ಕಾರವಾರ ಬಂತು.

ಡಾಕ್ಟರು ಏನನ್ನೂ ಕೇಳುವ ಮೊದಲೇ ದೊಡ್ಡಪ್ಪ ವರದಿ ಒಪ್ಪಿಸಿದರು. “ಉಷ್ಣ ತೀರಾ ಇಳಿದಿದೆ ಡಾಕ್ಟ್ರೇ. ತೊಂಬತ್ತಾರು. ನಾನೇ ಹಿಡಿದದ್ದು.”

ಡಾಕ್ಟರು ತಮ್ಮ ಥರ್ಮಾಮೀಟರನ್ನು ಇಡಬೇಕಾದಲ್ಲಿ ಇಟ್ಟು, ತೆಗೆದು, ಬೆಳಕಿಗೆ ಹಿಡಿದರು. “ನೂರಾ ನಾಲ್ಕೂ ಮುಕ್ಕಾಲು,” ಎಂದರು.

ದೊಡ್ಡಪ್ಪ ಸ್ವಲ್ಪ ಯೋಚಿಸಿ, “ದಾರಿಯಲ್ಲಿ ಏರಿರಬೇಕು. ನಾನು ಬೆಚ್ಚಗೆ ಹೊದಿಸ್ಲಿಕ್ಕೆ ಹೇಳಿದ್ದೆ,” ಎಂದರು.

ನಾಯಿಯ ಕಿವಿಯೊಳಗೆ ಅಂಟಿಕೊಂಡಿದ್ದ ಉಣ್ಣೆಹುಳಗಳನ್ನು ಡಾಕ್ಟರು ಚಿಮಟದಿಂದ ಕಿತ್ತು ತಟ್ಟೆಗೆ ಹಾಕಿದರು. ಅವುಗಳಿಂದ ರಕ್ತಕ್ಕೆ ಹತ್ತುವ ಜ್ವರವಂತೆ. ಇವತ್ತು ತಂದದ್ದು ಒಳ್ಳೆಯದಾಯಿತು, ನಾಳೆ ಆಗಿದ್ದರೆ ಹೇಳಲಿಕ್ಕೆ ಬರುತ್ತಿರಲಿಲ್ಲ ಎಂದರು. ಸೂಜಿ ಚುಚ್ಚಿ, ಬಾಟಲಿ ಹಾಕಿ, ಗುಳಿಗೆ ಕೊಟ್ಟು, ದಿನಕ್ಕೆ ಎರಡು ಸಲ ಜ್ವರ ನೋಡಿ ಬರೆದಿಡಬೇಕು ಎಂದು ಹೇಳಿ ಕಳಿಸಿದರು. ಬರೆದಿಡಿ ಎಂದು ನನಗೆ ಯಾರಾದರೂ ಹೇಳಿದ್ದು ಅದೇ ಮೊದಲು.

ಆಮೇಲಿನ ದಿನಗಳಲ್ಲಿ ಕಟ್ಟಿಗೆಯ ಮಾಡಿನ ಕೆಳಗೆ ನಮ್ಮ ದವಾಖಾನೆ ನಡೆಯಿತು. ಬೆಳಿಗ್ಗೆ ನಾನು ಬಸ್ಸಿಗೆ ಹೋಗುವ ಮೊದಲು ಒಮ್ಮೆ, ಸಂಜೆ ಬಂದು ಒಮ್ಮೆ. ಆಯಿ ತಲೆಯ ಬದಿ ಕೂತು ಬೇಯಿಸಿದ ಮೀನು ಬಿಡಿಸಿ ತಿನ್ನಿಸುತ್ತ, “ನನ್ನ ರಾಜಾ, ಒಂಚೂರು ತಡಕೋ,” ಎಂದು ಮುದ್ದು ಮಾಡುವಳು. ನನಗೆ ಬಾಲದ ಬದಿ ಕಾಯಂ. ಸೋಮವಾರ ಸಂಜೆ ನೂರಾ ಮೂರು ಪಾಯಿಂಟ್ ಎಂಟು. ಮಂಗಳವಾರ ನೂರಾ ಮೂರು. ಬುಧವಾರ ನೂರಾ ಎರಡು ಪಾಯಿಂಟ್ ಎರಡು, ಅರ್ಧ ಬಟ್ಟಲು ಗಂಜಿ. ಯಾರೂ ಕಾಣಬಾರದು ಎಂದಿದ್ದ ಆಯಿ ಈಗ ಬೇಲಿಯ ಮೇಲಿಂದಲೇ ಆಚೆಮನೆಯವರಿಗೆ ದಿನದ ಅಂಕಿ ಸಾರುತ್ತಿದ್ದಳು. ಗುರುವಾರ ನೂರಾ ಒಂದು ಪಾಯಿಂಟ್ ನಾಲ್ಕು ಬಂದಾಗ, ಜ್ವರ ಬಿಟ್ಟಿತು ಎಂದು ಅವಳನ್ನು ಒಪ್ಪಿಸಲು ನಾನು ಡಾಕ್ಟರಿಗೇ ಫೋನು ಹಚ್ಚಬೇಕಾಯಿತು. ನೂರರ ಮೇಲಿದ್ದರೆ ಜ್ವರವೇ ಎಂದು ಅವಳ ಹಟ.

ಇತ್ತ ದೊಡ್ಡಪ್ಪ ಪೇಟೆಯಲ್ಲಿ, ಡಾಕ್ಟರಿಗೂ ಗೊತ್ತಾಗದ್ದನ್ನು ತನ್ನ ಮಷಿನ್ನು ಹೇಗೆ ಹಿಡಿಯಿತು ಎಂದು ಹೇಳಿಕೊಂಡು ತಿರುಗಾಡಿದರು. ನಾನು ಸುಮ್ಮನಿದ್ದೆ. ಕಾರಿಗೆ ಅವರು ಪೆಟ್ರೋಲಿನ ದುಡ್ಡು ತೆಗೆದುಕೊಂಡಿರಲಿಲ್ಲ, ಅದರ ಬದಲಿಗೆ ಇದು ಎಂದುಕೊಂಡೆ.

ನಾಯಿಯ ಅಭಿಪ್ರಾಯವೂ ಅವರ ಕಡೆಗೇ ಇತ್ತು. ದೊಡ್ಡಪ್ಪ ಬಂದರೆ ಬಾಲವಾಡಿಸಿ ಅವರ ಕಾಲ ಬುಡಕ್ಕೆ ಹೋಗಿ ಬೀಳುತ್ತಿತ್ತು. ನಾನು ಬಂದರೆ ಬಾಲವನ್ನು ಹೊಟ್ಟೆಯಡಿಗೆ ಒತ್ತಿಕೊಂಡು, ಹಿಂಭಾಗವನ್ನು ಗೋಡೆಗೆ ಆನಿಸಿ ಕೂರುತ್ತಿತ್ತು. ಕರೆದರೆ ಕಣ್ಣು ಕೊಡುತ್ತಿರಲಿಲ್ಲ.

ಶನಿವಾರ ಸಂಜೆ ನಾನು ಥರ್ಮಾಮೀಟರ್ ಹಿಡಿದು ಹಿತ್ತಿಲಿಗೆ ಹೋದಾಗ ಅದು ಕೂರಲಿಲ್ಲ. ಎದ್ದು ಓಡಿತು. ತುಳಸಿಕಟ್ಟೆಯನ್ನು ಸುತ್ತಿ, ಬಾವಿಕಟ್ಟೆ ದಾಟಿ, ಬಚ್ಚಲ ಬಾಗಿಲಿಗೆ ಮೈ ತಾಗಿಸಿ, ನೇರ ಮನೆಯೊಳಗೆ ನುಗ್ಗಿ ಅಡಿಗೆಮನೆಯಲ್ಲಿ ಆಯಿಯ ಕಾಲಿನ ಹಿಂದೆ ನಿಂತಿತು. ಕೈಯಲ್ಲಿ ಸೌಟು ಹಿಡಿದಿದ್ದ ಆಯಿ ಕೆಳಗೆ ನೋಡಿದಳು. ಅದನ್ನು ಹೊರಗೆ ಅಟ್ಟುತ್ತಾಳೆ ಎಂದುಕೊಂಡೆ.

“ಅಷ್ಟು ಓಡೂಕೆ ಬಂತು ಅಂದ್ರೆ ಇನ್ನೆಂತ ಅಳೆಯೂದೇ ನೀನು?” ಎಂದು ನನ್ನನ್ನು ಅಟ್ಟಿದಳು.

ಆ ದಿನದ ಉಷ್ಣದ ಜಾಗದಲ್ಲಿ ಅಂಕಿ ಇಲ್ಲ. “ಓಡಿತು,” ಎಂದು ಬರೆದಿದ್ದೇನೆ.