ವೊಬ್ಬೆಯ ಕಾಲು, ವೊಬ್ಬೆಯ ದಿಕ್ಕು

ನನ್ನ ಗಂಡ ವೊಬ್ಬೆ ನಲವತ್ತು ವರ್ಷ ಜನರನ್ನು ಸಮುದ್ರದ ಕೆಸರು ದಾಟಿಸಿದವನು. ನಮ್ಮ ಫ್ರೀಸ್‌ಲ್ಯಾಂಡಿನ ದಂಡೆಯಲ್ಲಿ ದಿನಕ್ಕೆರಡು ಸಲ ನೀರು ಹಿಂದೆ ಸರಿದು ತಳದ ಕೆಸರು ನಡೆಯುವ ಹಾಗೆ ಬಯಲಾಗುತ್ತದೆ. ಅದು ಮರಳಿ ಬರುವುದರೊಳಗೆ ಎದುರಿನ ದ್ವೀಪ ಮುಟ್ಟಬೇಕು, ಇಲ್ಲವೇ ಹಿಂತಿರುಗಬೇಕು. ದಾರಿ ತಪ್ಪಿದವರ ಹೆಣವೂ ಕೆಲವೊಮ್ಮೆ ಸಿಗುವುದಿಲ್ಲ.

ಎಪ್ಪತ್ತಾರನೇ ವಯಸ್ಸಿಗೆ ಅವನು ಎಡವತೊಡಗಿದ. ಒಂದು ಬೆಳಿಗ್ಗೆ ಬ್ರೆಡ್ ಅಂಗಡಿಯಿಂದ ಹೊರಬಂದವನು ಮನೆಗೆ ಬೆನ್ನು ಹಾಕಿ ನಡೆದುಬಿಟ್ಟ. ಕಿಟಕಿಯಿಂದ ನೋಡುತ್ತಿದ್ದ ನನಗೆ ಜೀವ ಬಾಯಿಗೆ ಬಂತು.

ನಗರದ ಆಸ್ಪತ್ರೆಯಲ್ಲಿ ಮುದುಕರ ನಡಿಗೆಯ ಮೇಲೆ ಪ್ರಯೋಗ ನಡೆಯುತ್ತಿತ್ತು, ಅದಕ್ಕೆ ಅವನನ್ನು ಸೇರಿಸಿದೆ. ಕೊಯ್ಯುವುದಿಲ್ಲ, ಚುಚ್ಚುವುದಿಲ್ಲ, ಒದ್ದೆ ಸ್ಪಂಜುಗಳನ್ನು ತಲೆಗೆ ಕಟ್ಟಿ ಸಣ್ಣ ಕರೆಂಟು ಹಾಯಿಸುತ್ತಾ, ಪರದೆಯ ಮೇಲಿನ ಬೀದಿಗಳಲ್ಲಿ ದಾರಿ ಹುಡುಕಿಸುತ್ತಾ ನಡೆಸುತ್ತಾರೆ. ನೆತ್ತಿಯ ಮೇಲೆ ಇರುವೆ ಹರಿದಂತಾಗುತ್ತದೆ ಎಂದ. ಇದ್ದಷ್ಟು ಬುದ್ಧಿಯೂ ಸುಟ್ಟುಹೋದರೇನು ಗತಿ ಎಂದು ನಾನು ಹೊರಗೆ ಚಿಂತಿಸುತ್ತಾ ಕೂತಿರುತ್ತಿದ್ದೆ. ಹನ್ನೆರಡು ಸಲ ಮುಗಿಯುವಷ್ಟರಲ್ಲಿ ಹೆಜ್ಜೆ ನೆಟ್ಟಗಾಯಿತು. ಕಾಲು ಸರಿಹೋಗಿದೆ, ದಿಕ್ಕಿನ ವಿಷಯ ಈಗಲೇ ಹೇಳಲಾಗದು ಎಂದು ವೈದ್ಯೆ ಎಚ್ಚರಿಸಿದಳು. ಅವನು ಮೊದಲರ್ಧ ಮಾತ್ರ ಕೇಳಿಸಿಕೊಂಡ. ಗಂಡಸರ ಕಿವಿಯೇ ಹಾಗೆ.

ಸೆಪ್ಟೆಂಬರಿನಲ್ಲಿ ಕೆಸರಿಗೆ ಹೋಗಿಯೇ ಸಿದ್ಧ ಎಂದು ಹಟ ಹಿಡಿದ. ಒಬ್ಬನನ್ನೇ ಬಿಡಲಾರದೆ ನಾನೂ ಹೊರಟೆ. ದಿಕ್ಸೂಚಿಯನ್ನು ಕದ್ದುಮುಚ್ಚಿ ಜೇಬಿಗೆ ಹಾಕಿಕೊಂಡೆ. ಒಂದು ಗಂಟೆ ನಡೆದಿದ್ದೆವು, ಮಂಜು ಕವಿಯಿತು. ವಾಪಸು ಹೋಗೋಣ ಎಂದು ಅವನು ತಿರುಗಿದ. ಸ್ವಲ್ಪ ಹೊತ್ತಿಗೆ ನಾನು ಮೆಲ್ಲಗೆ ದಿಕ್ಸೂಚಿಯ ಮುಳ್ಳು ನೋಡಿದೆ. ದಂಡೆ ಇದ್ದದ್ದು ದಕ್ಷಿಣಕ್ಕೆ. ನಾವು ಹೋಗುತ್ತಿದ್ದದ್ದು ಉತ್ತರಕ್ಕೆ, ಆಳದ ಕಡೆಗೆ.

ಮುಂದೆ ನಡೆಯುವವನಿಗೆ ಹಿಂದಿನವರು ದಾರಿ ಹೇಳಬಾರದು, ಇದು ಕೆಸರಿನ ಕಟ್ಟಳೆ. ಎರಡು ಬಾಯಿಯಾದರೆ ಗುಂಪು ಚೆದುರುತ್ತದೆ. ಅವನ ಗುಂಪುಗಳ ಜೊತೆ ನಡೆದು ಎಷ್ಟೋ ಹೊಸಬರ ಬಾಯಿ ಮುಚ್ಚಿಸಿದವಳು ನಾನೇ. ಈಗ ಮಾತಾಡಿದರೆ ಅವನ ಬಾಳನ್ನೇ ಕಿತ್ತುಕೊಂಡಂತೆ, ಸುಮ್ಮನಿದ್ದರೆ ಇಬ್ಬರೂ ನೀರುಪಾಲು. ನೀರು ಮೊಣಕಾಲಿಗೆ ಬಂತು. ಅವನ ಹೆಜ್ಜೆ ಮಾತ್ರ ಒಂದಿಷ್ಟೂ ಅಳುಕಲಿಲ್ಲ, ಅದೇ ನನ್ನನ್ನು ಹೆಚ್ಚು ಹೆದರಿಸಿತು.

ನೀರು ತೊಡೆಗೆ ತಾಗಿದಾಗ ತೋಳು ಹಿಡಿದು ನಿಲ್ಲಿಸಿದೆ.

"ವೊಬ್ಬೆ, ಈ ಕಡೆ ಸಮುದ್ರ ಕಣೋ."

ಬೈಯುತ್ತಾನೆ ಎಂದುಕೊಂಡೆ. ತಿರುಗಿದ ಮುಖ ಬಿಳಿಚಿಕೊಂಡಿತ್ತು.

"ಎಲ್ಲಿದೀನಿ ಅಂತ ಆಗ್ಲಿಂದ ಗೊತ್ತಿಲ್ಲ ಹಿಸ್ಕೆ," ಎಂದ. "ಯಾವಾಗ ಬಾಯಿ ಬಿಡ್ತಾಳೋ ಇವಳು ಅಂತ ಕಾಯ್ತಾ ಇದ್ದೆ. ಮುಂದಿರೋನು ಹಿಂದಿನವರನ್ನ ಕೇಳೋ ಹಾಗಿಲ್ವಲ್ಲ."

ನಾನು ಮುಂದೆ ಬಂದೆ. ದಂಡೆಯ ಹುಲ್ಲು ಕಾಲಿಗೆ ಸಿಗುವವರೆಗೂ ಅವನು ನನ್ನ ಚೀಲದ ಪಟ್ಟಿ ಹಿಡಿದುಕೊಂಡೇ ಬಂದ. ಒಮ್ಮೆಯೂ ಎಡವಲಿಲ್ಲ.