ಸೊಂಟಕ್ಕೆ ಹೊಲಿದ ಗೋಧಿ ಚೀಲ

ನಾನು ಕೊಟ್ಟ ಗಿಫ್ಟನ್ನು ನಮ್ಮ ವೈನಿ ಕುಟ್ಟಿ, ಬೇಯಿಸಿ, ಬೆಲ್ಲ ತುಪ್ಪ ಹಾಕಿ ಕಳೆದ ಭಾನುವಾರ ನನಗೇ ಬಡಿಸಿದರು. ರುಚಿಯಾಗಿತ್ತು. ಹೆಚ್ಚು ಸಿಟ್ಟು ಬಂದದ್ದೂ ಅದಕ್ಕೇ.

ವೈನಿ ಎಂದರೆ ಕಬ್ಬೂರಿನಲ್ಲಿರುವ ನಮ್ಮಣ್ಣನ ಹೆಂಡತಿ. ಅವ್ವ ಹೋದ ಮೇಲೆ ನನ್ನ ಪಾಲಿಗೆ ತವರೆಂದರೆ ಅವರೇ (ಅಣ್ಣ ಇದ್ದಾನೆ, ಟಿವಿ ಮುಂದೆ ಇದ್ದಾನೆ). ಚಳಿ ಬಿತ್ತೆಂದರೆ ಅವರ ಸೊಂಟ ಹಿಡಿದುಕೊಳ್ಳುತ್ತದೆ. ಶಾಖ ಕೊಟ್ಟುಕೊಂಡು ಸ್ವಲ್ಪ ಹೊತ್ತು ಮಲಗಿ ಎಂದು ಡಾಕ್ಟರು ಹೇಳಿದ್ದಾರೆ. ಮಲಗುವುದು ಯಾವಾಗ? ಎಮ್ಮೆ, ಕಬ್ಬು ಕಡಿಯುವ ಆಳುಗಳು, ಅಣ್ಣನ ಚಹಾ, ಯಾರೂ ರಜೆ ಕೊಡುವುದಿಲ್ಲ.

ಅಷ್ಟರಲ್ಲಿ ಯೂಟ್ಯೂಬ್‌ನಲ್ಲಿ ಹೀಟ್ ಪ್ಯಾಕ್ ಕಣ್ಣಿಗೆ ಬಿತ್ತು. ಹತ್ತಿ ಬಟ್ಟೆಯ ಚೀಲ ಹೊಲಿದು ಕಾಳು ತುಂಬಬೇಕು. ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿ ನೋವಿದ್ದಲ್ಲಿ ಇಟ್ಟುಕೊಳ್ಳಬೇಕು. ಅಷ್ಟೇ. ಅಣ್ಣನ ಮನೆಯಲ್ಲಿ ಮೈಕ್ರೋವೇವ್ ಇದೆ, ಫ್ರಿಜ್ ಜೊತೆ ಆಫರ್‌ನಲ್ಲಿ ಬಂದದ್ದು. (ವೈನಿ ಅದರೊಳಗೆ ಬಿಸ್ಕೀಟು ಇಡುತ್ತಾರೆ. ಇರುವೆ ಹತ್ತುವುದಿಲ್ಲವಂತೆ.)

ಬಟ್ಟೆಗೆ ನಮ್ಮ ಕಡೆ ಬರವೇ? ಹೋದ ಮನೆಯಲ್ಲೆಲ್ಲ ಸೆರಗಿಗೆ ಗೋಧಿ ಹಾಕಿ ಉಡಿ ತುಂಬುವಾಗ ಕೊಟ್ಟ ರವಿಕೆ ಖಣಗಳು ಚಿಕ್ಕೋಡಿಯ ನನ್ನ ಕಪಾಟಿನಲ್ಲಿ ಬಿದ್ದುಕೊಂಡಿದ್ದವು. ಜರಿ ಇದ್ದರೆ ಓವನ್‌ನಲ್ಲಿ ಕಿಡಿ ಹಾರುತ್ತದೆ ಎಂದು ಹುಡುಕಿ ಹುಡುಕಿ ಸಾದಾ ಹಸಿರು ಹತ್ತಿಯದನ್ನು ಆರಿಸಿದೆ. ಹಸನು ಮಾಡಿದ ಗೋಧಿ ತುಂಬಿದೆ. ಘಮ್ಮೆನ್ನಲಿ ಎಂದು ಒಂದಿಷ್ಟು ಏಲಕ್ಕಿಯನ್ನೂ ಹಾಕಿ ಡಬಲ್ ಹೊಲಿಗೆ ಹಾಕಿದೆ.

ಶುಕ್ರವಾರ ಕಬ್ಬೂರಿಗೆ ಹೋಗಿ ಚೀಲ ತೆಗೆದೆ. ವೈನಿ ಕೈ ತೊಳೆದು ಬಂದು ಸೆರಗು ಒಡ್ಡಿದರು. ನಾನೂ ನಕ್ಕು ಸೆರಗಿನಲ್ಲೇ ಹಾಕಿದೆ. ಕೆಲಸ ಕೆಟ್ಟದ್ದು ಅಲ್ಲೇ. ಬಿಸಿ ಮಾಡಿ ಸೊಂಟದ ಕೆಳಗೆ ಇಟ್ಟುಕೊಂಡು ಮಲಗಿ ಎಂದು ಬಿಡಿಸಿ ಹೇಳಿದೆ. ಹೂಂ ಎಂದರು. ಚೀಲವನ್ನು ಹಣೆಗೆ ಮುಟ್ಟಿಸಿ ದೇವರ ಮುಂದೆ ಇಟ್ಟರು.

ಭಾನುವಾರ ಊಟಕ್ಕೆ ಕರೆದರು. ತಟ್ಟೆಯಲ್ಲಿ ಗೋಧಿ ಹುಗ್ಗಿ.

"ವೈನಿ, ನಾ ಕೊಟ್ಟ ಚೀಲಾ ಎಲ್ಲೈತ್ರಿ?"

"ನೀ ಉಣ್ಣಾಕತ್ತೀಯಲ್ಲ, ಅದ."

"ಅದನ್ನ ನಿಮ್ಮ ನಡಕ್ಕ ಕೊಟ್ಟಿದ್ನೆಲ್ರಿ."

"ಗೊತ್ತೈತಿ ತಂಗಿ. ಹಸರ ಖಣದಾಗ ಗೋದಿ ಹಾಕಿ, ಶುಕ್ರಾರ ದಿನ ಸೆರಗಿನ್ಯಾಗ ಹಾಕಿದಿ. ಉಡಿ ಆತಲ್ಲ. ಉಡಿ ಗೋದಿ ಬುಡಕ ಹಾಕ್ಕೊಂಡ ಮಲಗಾಕ ಬರ್ತೈತೇನ? ಏಲಕ್ಕಿನೂ ನೀನ ಹಾಕಿದ್ದಿ. ಹುಗ್ಗಿ ಮಾಡದ ಮತ್ತೇನ ಮಾಡ್ಲಿ?"

ನನ್ನ ಡಬಲ್ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚಿದ್ದರು. ಹುಗ್ಗಿಯ ಗೋಧಿಗೆ ನೀರು ಚಿಮುಕಿಸಿ ಕುಟ್ಟಬೇಕು. ಆ ಸೊಂಟ ಇಟ್ಟುಕೊಂಡು ಒನಕೆ ಹಿಡಿದು ನಿಂತಿದ್ದರು.

"ನಡಾ ಹೆಂಗೈತ್ರಿ ಮತ್ತ?" ಎಂದೆ.

"ಹುಗ್ಗಿ ಕುದಿಯೂತನಕಾ ಹಿತ್ತಲ ಒಲಿಗೆ ಬೆನ್ನ ಮಾಡಿ ಕುಂತಿದ್ನಿ. ಶಾಖಾ ಚಲೋ ಆತು."

ನಮ್ಮ ಹೆಂಗಸರಿಗೆ ಗಿಫ್ಟ್ ಕೊಡುವಷ್ಟು ಕಷ್ಟದ ಕೆಲಸ ಇನ್ನೊಂದಿಲ್ಲ. ಮಿಕ್ಸರ್ ಕೊಟ್ಟರೆ ಮನೆಗಾಯಿತು ಅನ್ನುತ್ತಾರೆ. ಸೀರೆ ಕೊಟ್ಟರೆ ಮಗಳಿಗೆ ಎತ್ತಿಡುತ್ತಾರೆ. ತಮ್ಮೊಬ್ಬರಿಗೇ ಎಂದು ಏನಾದರೂ ಕೊಟ್ಟಿರೋ, ಅದನ್ನು ಕುದಿಸಿಯಾದರೂ ಸರಿ, ಓಣಿಗೆಲ್ಲ ಹಂಚುತ್ತಾರೆ. (ಪಕ್ಕದ ಮನೆಗೂ ಒಂದು ಡಬ್ಬಿ ಹೋಗಿತ್ತು.)

ಆದರೂ ನನ್ನ ಹೀಟ್ ಪ್ಯಾಕ್ ದಂಡವಾಯಿತು ಅನ್ನಲಾರೆ: ಮತ್ತೆ ಮತ್ತೆ ಹುಗ್ಗಿ ಹಾಕಿಸಿಕೊಂಡು ಪಡಸಾಲೆಯಲ್ಲಿ ಅಡ್ಡಾದ ನಮ್ಮಣ್ಣನ ಸೊಂಟಕ್ಕೆ ಸಂಜೆಯವರೆಗೂ ಒಳ್ಳೆಯ ವಿಶ್ರಾಂತಿ ಸಿಕ್ಕಿತು.